ತಲೆಗೆ ಎಷ್ಟು ಬೀಳುತ್ತೆ?

ಆ ಅಡುಗೆ ಕಂಟ್ರಾಕ್ಟರನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು 'ತಲೆಗೆಷ್ಟು'. ಅವನ ಮುಂದೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಮದುವೆ, ಹುಟ್ಟುಹಬ್ಬ, ಆಫೀಸಿನ ಪಾರ್ಟಿ ಎಂದು ಊರಿಗೆ ಊರನ್ನೇ ಉಣಿಸಿದ ಮನುಷ್ಯ. ಎಂಥ ಖರ್ಚನ್ನು ಕಂಡರೂ ಅದನ್ನು ತಲೆಗಳಿಂದ ಭಾಗಿಸಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಒಮ್ಮೆ ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿ, ಬಾಯಿ ತೆರೆಯುವ ಮುಂಚೆ, "ಡಾಕ್ಟ್ರೇ, ಮನೆಯವರನ್ನೆಲ್ಲ ಕರ್ಕೊಂಡು ಬಂದ್ರೆ ತಲೆಗೆ ಎಷ್ಟು ಬೀಳುತ್ತೆ?" ಎಂದು ಕೇಳಿದ್ದ. ಮನೆಯವರ ಹಲ್ಲುಗಳೆಲ್ಲ ಗಟ್ಟಿಮುಟ್ಟಾಗಿಯೇ ಇದ್ದವು.

ಅವನ ಮನೆಗೆ ಹೋದರೆ ಬಾಗಿಲ ಹಿಂದೆ ಒಂದೇ ಥರದ ಹನ್ನೆರಡು ಕರಿ ಕೊಡೆಗಳು. ಇದ್ದವರು ನಾಲ್ಕೇ ಜನ. ಸೋಪಿನ ಪೆಟ್ಟಿಗೆಗಳ ಮೇಲೆ ಚಪ್ಪಲಿ ಇಡುತ್ತಿದ್ದರು. ಹಲ್ಲುಜ್ಜುವ ಬ್ರಷ್ಷುಗಳೆಲ್ಲ ಹಸಿರು ಬಣ್ಣದವೇ ಆದ್ದರಿಂದ ಯಾರದು ಯಾವುದು ಎಂದು ಬೆಳಗಾದರೆ ಜಗಳ. "ಡಜನ್ ತಗೊಂಡ್ರೆ ಎಷ್ಟು ಕಮ್ಮಿ ಬಿತ್ತು ಗೊತ್ತಾ?" ಎನ್ನುತ್ತಿದ್ದ ಅವನು, ಎಲ್ಲ ಜಗಳಕ್ಕೂ ಇದೊಂದೇ ಉತ್ತರ ಎನ್ನುವ ಹಾಗೆ. ಸಾವಿನ ಮನೆಗೆ ಹೋದರೂ ಬಾಗಿಲಲ್ಲಿ ಕೈ ಮುಗಿದು ನಿಂತು ತುಟಿ ಅಲ್ಲಾಡಿಸುತ್ತಿದ್ದ. ದುಃಖದಲ್ಲಿದ್ದವರು ಪಾಪ, ಇವನು ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಅವನು ಜನರನ್ನು ಎಣಿಸುತ್ತಿದ್ದ.

ಹಾಗಂತ ಜಿಪುಣನಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿದವನು, ಆಮೇಲೆ ತರಕಾರಿ ಹೆಚ್ಚಿ, ಆಮೇಲೆ ಒಲೆಯ ಮುಂದೆ ನಿಂತು, ಕೊನೆಗೆ ಸ್ವಂತ ಕಂಟ್ರಾಕ್ಟು ಹಿಡಿದವನು. ಅವನು ಮಾಡಿದ ಊಟದಲ್ಲಿ ಅರೆಹೊಟ್ಟೆಯಲ್ಲಿ ಎದ್ದವರಿಲ್ಲ. ಕರೆಯದೆ ಬಂದವರನ್ನೂ ಕೂರಿಸಿ ಬಡಿಸುತ್ತಿದ್ದ. ತಾನು ಮಾತ್ರ ಎಲ್ಲರದೂ ಮುಗಿದ ಮೇಲೆ, ಹಂಡೆಯ ತಳ ಕೆರೆದು, ನಿಂತುಕೊಂಡೇ ಉಣ್ಣುತ್ತಿದ್ದ. ತನ್ನ ಸ್ವಂತ ಮದುವೆಯಲ್ಲೂ, ಅಡುಗೆಮನೆ ಕಡೆಯಿಂದ ಅನ್ನ ತಳ ಹಿಡಿದ ವಾಸನೆ ಬಂತೆಂದು ಹೊಸ ಕೋಟಿನ ತೋಳು ಮಡಚಿಕೊಂಡು ಎದ್ದು ಹೋದವನು, ಊಟ ಮುಗಿದ ಮೇಲೆಯೇ ವಾಪಸು ಬಂದ. ಆ ದಿನದ ಫೋಟೋಗಳಲ್ಲಿ ಮದುಮಗಳ ಪಕ್ಕದ ಕುರ್ಚಿ ಖಾಲಿ.

ಆ ಮದುಮಗಳು ಈಗ ಬಸ್ ನಿಲ್ದಾಣದ ಪಕ್ಕ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ಅವಳಿಗೆ ಗಂಡನ ಮೇಲೆ ದೂರೇನೂ ಇರಲಿಲ್ಲ, ಒಂದನ್ನು ಬಿಟ್ಟು. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಅವಳ ಪಕ್ಕದಲ್ಲಿ ಕುಳಿತು ಒಂದು ತುತ್ತು ತಿಂದವನಲ್ಲ. ರಜೆಯ ದಿನ ಮನೆಯಲ್ಲೇ ಇದ್ದರೂ ಸೌಟು ಹಿಡಿದು ಕುರ್ಚಿಗಳ ಹಿಂದೆ ಓಡಾಡುತ್ತಿದ್ದ. "ಇನ್ನು ಸ್ವಲ್ಪ ಹಾಕ್ಲಾ?" ಎಂದು ಬೀಗರನ್ನು ಕೇಳುವ ಧ್ವನಿಯಲ್ಲೇ ಅವಳನ್ನೂ ಕೇಳುತ್ತಿದ್ದ. ಬಡಿಸಿಕೊಂಡು ಬಡಿಸಿಕೊಂಡು ಅವಳಿಗೆ ಸಾಕಾಗಿತ್ತು.

ಹೀಗಿರುವಾಗ ಕಾಗದದ ಕಂಪನಿಯವರು ಅಂಗಡಿಗೆ ಒಂದು ಕ್ಯಾಲೆಂಡರ್ ಕೊಟ್ಟರು. ಅದರಲ್ಲೊಂದು ಚಿತ್ರ. ನಡುಸಮುದ್ರದ ದ್ವೀಪ, ಕಾಲುದಾರಿಯ ಮಧ್ಯೆಯೇ ಮೊಟ್ಟೆಯ ಮೇಲೆ ಕುಳಿತ ದೊಡ್ಡ ಬಿಳಿ ಹಕ್ಕಿ, ಅದರ ಪಕ್ಕದಲ್ಲಿ ಮಂಡಿಯೂರಿದ ಒಬ್ಬ ಮನುಷ್ಯ. ಹಕ್ಕಿ ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ. ಅಲ್ಲಿ ಮನುಷ್ಯರನ್ನು ಕಂಡರೆ ಪ್ರಾಣಿಗಳು ಓಡುವುದಿಲ್ಲ, ಹಾಸುಬಂಡೆಯಷ್ಟು ದೊಡ್ಡ ಆಮೆಗಳಿವೆ, ಅಂಗಡಿ ಹೋಟೆಲು ಒಂದೂ ಇಲ್ಲ ಎಂದು ಕೆಳಗೆ ಬರೆದಿತ್ತು. ವರ್ಷ ಮುಗಿದರೂ ಅವಳು ಆ ಹಾಳೆಯನ್ನು ಎಸೆಯಲಿಲ್ಲ. ಲ್ಯಾಮಿನೇಟ್ ಮಾಡಿ ಮೆಷಿನ್ನಿನ ಮೇಲೆ ಅಂಟಿಸಿದಳು. ಲ್ಯಾಮಿನೇಷನ್ನಿನಿಂದ ಬರುತ್ತಿದ್ದ ಹಣವನ್ನೆಲ್ಲ ಬೇರೆ ಡಬ್ಬಿಗೆ ಹಾಕತೊಡಗಿದಳು. ಡಬ್ಬಿ ತುಂಬಲು ಆರು ವರ್ಷ ಹಿಡಿಯಿತು.

ತುಂಬಿದ ದಿನ ಗಂಡನ ಮುಂದೆ ಡಬ್ಬಿ ಇಟ್ಟು ಹೇಳಿದಳು. "ನೋಡ್ರೀ, ನಾಲ್ಕೇ ಜನ. ನಾನು, ನೀವು, ಮಗಳು, ಅಮ್ಮ. ಅಲ್ಲಿ ನಿಮಗೆ ಬಡಿಸೋಕೆ ಯಾರೂ ಸಿಗಲ್ಲ. ಬರೀ ಹಕ್ಕಿ, ಆಮೆ. ಅವಕ್ಕೆ ತಿನ್ನೋಕೆ ಏನಾದ್ರೂ ಹಾಕಿದ್ರೆ ದಂಡ ಬೀಳುತ್ತಂತೆ. ಸುಮ್ನೆ ನನ್ನ ಪಕ್ಕದಲ್ಲಿ ಕೂತು ಒಂದು ಊಟ ಮಾಡಿ. ನನಗೆ ಅಷ್ಟೇ ಬೇಕಾಗಿರೋದು."

ಕಂಟ್ರಾಕ್ಟರ್ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಅಷ್ಟೇ ತಾನೇ? ಆಯ್ತು ಬಿಡೇ," ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೆಂಡತಿ, "ಖರ್ಚಿನ ಲೆಕ್ಕ ನೀವೇ ಹಾಕಿ, ಅದು ನಿಮಗೆ ನೀರು ಕುಡಿದ ಹಾಗೆ," ಎಂದುಬಿಟ್ಟಳು. ಆ ತಪ್ಪು ಮಾತ್ರ ಅವಳದೇ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಸುತ್ತ ಎಲ್ಲರೂ ಸೇರಿದರು. ಕಾಲೇಜಿಗೆ ಹೋಗುವ ಮಗಳು ಫೋನಿನಲ್ಲಿ ಒಂದೊಂದೇ ದರ ಹುಡುಕಿ ಹೇಳಿದಳು. ಬಂದರಿನವರೆಗೆ ರೈಲು, ಬಂದರಿನ ಲಾಡ್ಜಿನಲ್ಲಿ ಒಂದು ರಾತ್ರಿ, ದ್ವೀಪದ ಪ್ರವೇಶ ಶುಲ್ಕ, ಗೈಡು, ಅರಣ್ಯ ಇಲಾಖೆಯ ಗುಡಿಸಲು, ವಾಂತಿ ಮಾತ್ರೆ. ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂಲೆಯ ಕುರ್ಚಿಯಿಂದ, "ನನ್ನನ್ನ ಅರ್ಧ ತಲೆ ಅಂತ ಹಿಡೀರಿ ಅಳಿಯಂದ್ರೇ. ನಾನು ತಿನ್ನೋದೆಷ್ಟು, ನೋಡೋದೆಷ್ಟು!" ಎಂದರು. ಅವರ ಕಣ್ಣಾಗಲಿ ಹೊಟ್ಟೆಯಾಗಲಿ ಯಾವ ಹರೆಯದವರಿಗೂ ಕಡಿಮೆ ಇರಲಿಲ್ಲ.

ಕೊನೆಗೆ ಉಳಿದದ್ದು ದೋಣಿ. ಕಂಟ್ರಾಕ್ಟರ್ ದೋಣಿಯವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ನಲವತ್ತೆಂಟು ಸಾವಿರ ಸಾರ್, ಹೋಗಿ ಬರೋಕೆ."

"ತಲೆಗಾ?"

"ದೋಣಿಗೆ ಸಾರ್. ಹನ್ನೆರಡು ಸೀಟು. ನಾಲ್ಕು ಜನ ಬಂದ್ರೂ ಅಷ್ಟೇ, ಹನ್ನೆರಡು ಜನ ಬಂದ್ರೂ ಅಷ್ಟೇ."

ಮಗಳು ಎಲ್ಲವನ್ನೂ ಕೂಡಿಸಿದಳು. ಡಬ್ಬಿಯ ಹಣದಲ್ಲಿ ಎಲ್ಲ ಮುಗಿದು, ಕೈಯಲ್ಲಿ ಚೂರು ಮಿಕ್ಕುತ್ತಿತ್ತು ಕೂಡ. ಹೆಂಡತಿಯ ಮುಖ ಅರಳಿತು. ಕಂಟ್ರಾಕ್ಟರನ ಮುಖ ಮಾತ್ರ ಸೊರಗಿ ಹೋಯಿತು. ಎಂಟು ಸೀಟು ಖಾಲಿ! ಬೆಂದ ಅನ್ನವನ್ನು ಚರಂಡಿಗೆ ಸುರಿದಂತೆ ಅವನ ಹೊಟ್ಟೆ ಉರಿಯಿತು. ನಾಲ್ಕು ಜನ ಹೋದರೆ ದೋಣಿಗೆ ತಲೆಗೆ ಹನ್ನೆರಡು ಸಾವಿರ, ಹನ್ನೆರಡು ಜನ ಹೋದರೆ ಬರೀ ನಾಲ್ಕು. ಇಷ್ಟು ಸೀದಾ ಲೆಕ್ಕ ಇವರಿಗೆ ಯಾಕೆ ಹೊಳೆಯುತ್ತಿಲ್ಲ ಎಂದು ಎಲ್ಲರ ಮುಖವನ್ನೂ ನೋಡಿದ. ಯಾರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಮೆಲ್ಲಗೆ ಅವನ ಅಕ್ಕನಿಗೆ ಫೋನ್ ಹೋಯಿತು. ಅಕ್ಕನ ಮನೆಯಲ್ಲಿ ಆರು ಜನ. "ನೀನು ಬರ್ತೀಯ ಅಂದ್ಮೇಲೆ ಊಟದ ಚಿಂತೆ ಇಲ್ಲ ಬಿಡು," ಎಂದು ಅಕ್ಕ ಕೂಡಲೇ ಒಪ್ಪಿದಳು. ಉಳಿದ ಎರಡು ಸೀಟಿಗೆ ತರಕಾರಿ ಮಂಡಿಯ ಸಾಹುಕಾರ ಮತ್ತು ಅವನ ಹೆಂಡತಿ. ಹನ್ನೆರಡು ತುಂಬಿತು. ಸಂಜೆ ಹೆಂಡತಿಗೆ ಹೇಳಿದಾಗ ಅವಳು, "ಅಕ್ಕ ತಾನೇ, ಬರ್ಲಿ ಬಿಡಿ," ಎಂದಳು. ಹೇಳುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವನೂ ಅದನ್ನು ಗಮನಿಸಲಿಲ್ಲ, ಅವನ ತಲೆಯಲ್ಲಿ ಆಗಲೇ ಗೈಡಿನ ಲೆಕ್ಕ ಶುರುವಾಗಿತ್ತು.

ಏಕೆಂದರೆ ಒಬ್ಬ ಗೈಡು ಹತ್ತು ಜನಕ್ಕೆ. ಹನ್ನೆರಡು ಜನರಾದರೆ ಇಬ್ಬರು ಗೈಡು ಬೇಕು. ಇಬ್ಬರು ಗೈಡು ಅಂದರೆ ಇಪ್ಪತ್ತು ಜನ ಹೋಗಬಹುದು, ಅಂದರೆ ಮತ್ತೆ ಎಂಟು ಜಾಗ ದಂಡ. ಹಾಲಿನ ಡೈರಿಯವನ ಮನೆಯ ನಾಲ್ಕು ಜನ, ಗ್ಯಾಸ್ ಏಜೆನ್ಸಿಯವನ ಮನೆಯ ನಾಲ್ಕು ಜನ ಸೇರಿದರು. ಇಪ್ಪತ್ತಾಯಿತು. ಇಪ್ಪತ್ತು ಜನಕ್ಕೆ ಎರಡು ದೋಣಿ, ಎರಡು ದೋಣಿಗೆ ಇಪ್ಪತ್ತನಾಲ್ಕು ಸೀಟು. ನಾಲ್ಕು ಖಾಲಿ! ಅಲ್ಲಿಗೆ ಶಾಮಿಯಾನದವರು ಬಂದರು. ಬಂದರಿನ ಲಾಡ್ಜಿನಲ್ಲಿ ಮೂವತ್ತು ಹಾಸಿಗೆಯ ಹಾಲ್ ಒಂದಿದೆ, ಬಿಡಿ ರೂಮುಗಳಿಗಿಂತ ಅದು ಅಗ್ಗ ಎಂದು ಗೊತ್ತಾದ ದಿನ ಅವನು ಯಾರು ಯಾರಿಗೆ ಫೋನ್ ಮಾಡಿದನೋ ಅವನಿಗೇ ನೆನಪಿಲ್ಲ. ಎಲ್ಲಿ ಒಂದು ಲೆಕ್ಕ ಸರಿಹೋಯಿತೋ ಅಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು. ಆ ಬಾಯಿಗೆ ಇವನು ಒಂದೊಂದೇ ಸಂಸಾರವನ್ನು ಹಾಕುತ್ತಾ ಹೋದ.

ಒಂದು ಸಂಜೆ ಎದೆಯುಬ್ಬಿಸಿಕೊಂಡು ಒಳಗೆ ಬಂದ. "ತಲೆಗೆ ಹದಿನೆಂಟು ಸಾವಿರ ಇದ್ದಿದ್ದನ್ನ ಒಂಬತ್ತಕ್ಕೆ ಇಳಿಸಿದೀನಿ! ಸರಿಯಾಗಿ ಅರ್ಧ!"

"ಅಪ್ಪಾ, ಒಟ್ಟು ಎಷ್ಟಾಯ್ತು?" ಎಂದಳು ಮಗಳು.

"ಒಟ್ಟು ಯಾಕೆ ನೋಡ್ತೀಯ? ಒಟ್ಟು ನೋಡಿದ್ರೆ ಈ ಲೋಕದಲ್ಲಿ ಒಂದು ಮದುವೆನೂ ನಡೆಯಲ್ಲ."

"ಎಷ್ಟು ಜನ ಆದ್ವಿ?"

"ಮೂವತ್ತೆರಡು. ಅಷ್ಟು ಜನಕ್ಕೆ ಬಿಸ್ಕೆಟ್ಟು ಬ್ರೆಡ್ಡು ಕೊಟ್ಟು ಕೂರಿಸೋಕಾಗುತ್ತಾ? ಈರುಳ್ಳಿ ಹೆಚ್ಚೋನು, ಒಲೆ ನೋಡ್ಕೊಳ್ಳೋನು, ಇಬ್ಬರನ್ನ ಕರ್ಕೊಂಡು ಹೋಗ್ತೀನಿ. ಮೂವತ್ತನಾಲ್ಕು. ಎರಡು ಹಂಡೆ ಸಾಕು."

ಹಿತ್ತಿಲಲ್ಲಿ ಆಗಲೇ ಹಂಡೆಗಳನ್ನು ಉಜ್ಜಿ ಬೋರಲು ಹಾಕಿತ್ತು. ಜಾಲರಿ ಸೌಟು, ಹುಟ್ಟು, ದೊಡ್ಡ ಜರಡಿ, ಗ್ಯಾಸಿನ ಒಲೆ ಎಲ್ಲ ಗೋಣಿಚೀಲದೊಳಗೆ ಹೋಗಲು ಕಾದಿದ್ದವು. ಅತ್ತೆ ಕಿಟಕಿಯಿಂದ ನೋಡಿ, "ಆಮೆಗಳನ್ನೂ ಲೆಕ್ಕಕ್ಕೆ ಸೇರಿಸ್ಕೊಂಡುಬಿಡಿ ಅಳಿಯಂದ್ರೇ, ತಲೆಗೆ ಇನ್ನೂ ಇಳಿಯುತ್ತೆ," ಎಂದರು. ಅವನು ಹಲ್ಲು ಕಿರಿದ. ಹೆಂಡತಿ ನಗಲಿಲ್ಲ. ಅವಳು ಅಂಗಡಿಯ ಬಿಲ್ಲುಗಳನ್ನು ಜೋಡಿಸುತ್ತಾ ಜೋಡಿಸುತ್ತಾ ಮತ್ತೆ ಕೆದರಿ, ಮತ್ತೆ ಜೋಡಿಸುತ್ತಿದ್ದಳು. ತಾನು ಆರು ವರ್ಷ ಕೂಡಿಟ್ಟದ್ದು ಗಂಡನಿಗೆ ಇನ್ನೊಂದು ಆರ್ಡರ್ ಕೊಡಿಸುವುದಕ್ಕಾ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ದ್ವೀಪದ ಕಚೇರಿಯಿಂದ ಫೋನ್ ಬಂತು. ಒಂದು ಅರ್ಜಿಗೆ ಒಂದೇ ದೋಣಿ, ಒಂದು ದೋಣಿಗೆ ಹನ್ನೆರಡೇ ಜನ. ದ್ವೀಪದ ಮೇಲೆ ಒಲೆ ಹಚ್ಚುವ ಹಾಗಿಲ್ಲ, ಬೆಂಕಿಕಡ್ಡಿ ಗೀರಿದರೂ ವಾಪಸು ಕಳಿಸುತ್ತಾರೆ. ಕಂಟ್ರಾಕ್ಟರ್ ಬೋರಲು ಹಾಕಿದ ಹಂಡೆಯ ಮೇಲೇ ಕುಕ್ಕರಿಸಿದ.

ಮೂವತ್ತನಾಲ್ಕರಲ್ಲಿ ಹನ್ನೆರಡು! ಬಂದವರನ್ನು ಸೇರಿಸಿಕೊಂಡು ಗೊತ್ತೇ ಹೊರತು ಯಾರನ್ನಾದರೂ ಏಳಿಸಿ ಅವನಿಗೆ ಗೊತ್ತಿಲ್ಲ. ಎರಡು ದಿನ ಕೈ ಕೈ ಹಿಸುಕಿಕೊಂಡು ತಿರುಗಿದ. ಮೂರನೆಯ ದಿನ ಊಟದ ಹೊತ್ತಿಗೆ ಮುಖದಲ್ಲಿ ಗೆಲುವು ಬಂದಿತ್ತು. ಸೌಟು ಹಿಡಿದುಕೊಂಡೇ ಹೇಳಿದ. "ಸರಿಹೋಯ್ತು ಕಣೇ. ಅಕ್ಕನ ಮನೆಯವರು ಆರು, ಸಾಹುಕಾರ ಗಂಡ ಹೆಂಡತಿ ಎರಡು, ಡೈರಿಯವರು ನಾಲ್ಕು. ಹನ್ನೆರಡು! ಮಿಕ್ಕವರಿಗೆ ಹೇಗೋ ಸಮಾಧಾನ ಹೇಳೋಣ."

ಹೆಂಡತಿಯ ಕೈ ತಟ್ಟೆಯಲ್ಲೇ ನಿಂತಿತು. "ನಾವು?"

"ನಾವು ಮನೆಯವರಲ್ವಾ? ಕರೆದವರನ್ನ ಬಿಟ್ಟು ನಾವು ಹೋಗೋಕಾಗುತ್ತಾ? ನಮ್ಮದು ಮುಂದಿನ ವರ್ಷ. ಇನ್ನು ಸ್ವಲ್ಪ ಹಾಕ್ಲಾ?"

ಇದರಲ್ಲಿ ಕುಹಕವೇನೂ ಇರಲಿಲ್ಲ, ಕೇಳಿ. ಅವನ ಕಸುಬಿನಲ್ಲಿ ಮರ್ಯಾದೆಯೆಂದರೆ ಇದೇ. ಕರೆದವರು ಮೊದಲು, ಮನೆಯವರು ಕಡೆಗೆ, ಮಿಕ್ಕಿದರೆ ಅಡುಗೆಯವನು. ತಾನು ದೊಡ್ಡ ಮನಸ್ಸಿನ ಕೆಲಸ ಮಾಡಿದೆ ಎಂದೇ ಅವನು ಮನಸಾರೆ ನಂಬಿದ್ದ. ಇಂಥ ದೊಡ್ಡ ಮನಸ್ಸಿನವರ ಜೊತೆ ಸಂಸಾರ ಮಾಡುವ ಕಷ್ಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಹೆಂಡತಿ ಎದ್ದು ಕೈ ತೊಳೆದುಕೊಂಡಳು. ಮಗಳು ಅಪ್ಪನನ್ನು ದುರುಗುಟ್ಟಿ ನೋಡಿದಳು. ಅತ್ತೆ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಮನೆಯ ಮುಂದಿನ ಕೋಣೆಯೇ ಅವನ ಆಫೀಸು. ಒಂದು ಮೇಜು, ಅವನದೊಂದು ಕುರ್ಚಿ, ಆರ್ಡರ್ ಕೊಡಲು ಬಂದವರಿಗೆ ಎದುರಿಗೆ ಎರಡು ಕುರ್ಚಿ. ಮಾರನೆಯ ಸಂಜೆ ಅಲ್ಲಿ ಕುಳಿತು ಈರುಳ್ಳಿಯ ದರ ನೋಡುತ್ತಿದ್ದಾಗ ಬೀದಿಯ ಕಡೆಯ ಬಾಗಿಲು ತೆರೆಯಿತು. ಯಾರೋ ಎದುರಿಗೆ ಕುಳಿತರು. ತಲೆ ಎತ್ತದೆಯೇ ಅವನು, "ಬನ್ನಿ ಬನ್ನಿ. ಎಷ್ಟು ಜನಕ್ಕೆ?" ಎಂದ.

"ನಾಲ್ಕು."

"ನಾಲ್ಕು ನೂರಾ?"

"ನಾಲ್ಕು."

ತಲೆ ಎತ್ತಿದ. ಎದುರಿಗೆ ಹೆಂಡತಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪರಿಚಯವಿಲ್ಲದ ಹೆಂಗಸಿನ ಹಾಗೆ ನೆಟ್ಟಗೆ ಕುಳಿತಿದ್ದಳು.

"ಇದೇನೇ, ಬೀದಿ ಬಾಗಿಲಿಂದ ಬಂದಿದೀಯ?"

"ಗಿರಾಕಿಗಳು ಬರೋ ಬಾಗಿಲಿಂದ ಬಂದೆ. ಒಳಗಿನಿಂದ ಬಂದ್ರೆ ಮನೆಯವಳಾಗ್ಬಿಡ್ತೀನಿ. ಮನೆಯವರಿಗೆ ನಿಮ್ಮಲ್ಲಿ ಸೀಟಿಲ್ಲ ಅಂತ ನಿನ್ನೆ ಗೊತ್ತಾಯ್ತು."

"ಐವತ್ತು ಜನಕ್ಕಿಂತ ಕಮ್ಮಿ ಆರ್ಡರ್ ನಾವು..." ಎಂದು ಹಳೆಯ ಮಾತು ಬಾಯಿಂದ ಜಾರಿತು. ತಟ್ಟನೆ ನಾಲಿಗೆ ಕಚ್ಚಿಕೊಂಡ.

"ಗೊತ್ತು ನನಗೆ. ಅದಕ್ಕೇ ಮುಂಗಡ ಪೂರ್ತಿ ತಂದಿದೀನಿ." ಅವಳು ಡಬ್ಬಿಯ ಹಣವನ್ನೆಲ್ಲ ಮೇಜಿನ ಮೇಲಿಟ್ಟಳು. "ನಾಲ್ಕು ಜನ, ದ್ವೀಪಕ್ಕೆ. ಆಗುತ್ತೆ ಅಂದ್ರೆ ತಗೊಳ್ಳಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ನಾನು ಮೂರು ಜನಕ್ಕೆ ಬೇರೆ ಏರ್ಪಾಡು ಮಾಡ್ಕೋತೀನಿ."

"ಮೂರು ಅಂದ್ರೆ?"

"ನಾನು, ಮಗಳು, ಅಮ್ಮ."

ಅಡುಗೆಯವನು ಜನರನ್ನು ಎಣಿಸುವಾಗ ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಇಷ್ಟು ವರ್ಷ ಕಂಟ್ರಾಕ್ಟರ್ ತನ್ನನ್ನು ತಾನೇ ಬಿಟ್ಟುಕೊಂಡು ಬಂದಿದ್ದ, ಅದರಲ್ಲಿ ಅವನಿಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಇನ್ನೊಬ್ಬರು ತನ್ನನ್ನು ಬಿಟ್ಟು ಎಣಿಸಿದ್ದನ್ನು ಕೇಳಿದ್ದು ಇದೇ ಮೊದಲು. ಅದೂ ಅವಳ ಬಾಯಿಂದ. ಹೆಂಡತಿಗೆ ಸಿಟ್ಟು ಬಂದಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿ ಕೇಳಿ ಬೇಸತ್ತು, ಇನ್ನು ಕೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡವರ ಧ್ವನಿ ಅದು.

ಅವನು ಹಣ ಎತ್ತಿಕೊಂಡ. ಅವನ ಕಸುಬಿನಲ್ಲಿ ಮುಂಗಡ ಮುಟ್ಟಿದರೆ ಮುಗಿಯಿತು, ಆಕಾಶವೇ ಕಳಚಿ ಬಿದ್ದರೂ ಆರ್ಡರ್ ಬಿಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. "ನಾಲ್ಕು," ಎಂದ ಮೆಲ್ಲಗೆ. ಅವಳು ಎದ್ದು, ಬಂದ ಬಾಗಿಲಿನಿಂದಲೇ ಹೊರಗೆ ಹೋಗಿ, ಬೀದಿ ಸುತ್ತಿಕೊಂಡು ಹಿತ್ತಿಲಿನಿಂದ ಮನೆಯೊಳಗೆ ಬಂದಳು.

ಇನ್ನು ಮೂವತ್ತು ಜನಕ್ಕೆ ಇಲ್ಲ ಎನ್ನಬೇಕಿತ್ತು. ಮೊದಲು ಅಕ್ಕನ ಮನೆಗೆ ಹೊರಟ. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ, "ಅಕ್ಕಾ, ಸೀಟಿಲ್ಲ. ಸೀಟಿಲ್ಲ ಅಕ್ಕಾ," ಎಂದು ಗಟ್ಟಿಯಾಗಿ ಅಭ್ಯಾಸ ಮಾಡಿದ. ಸಿಗ್ನಲಿನಲ್ಲಿ ಪಕ್ಕದ ರಿಕ್ಷಾದ ಮುದುಕಿಯೊಬ್ಬಳು, "ನಾನು ಕೇಳೇ ಇಲ್ವಲ್ಲಪ್ಪಾ," ಎಂದಳು.

ಅಕ್ಕ ಬಾಗಿಲಲ್ಲೇ ಹುಲ್ಲಿನ ಟೋಪಿ ಹಾಕಿಕೊಂಡು ನಿಂತಿದ್ದಳು. ಒಳಗೆ ಸೋಫಾದ ತುಂಬ ಅಂಥವೇ ಟೋಪಿಗಳು. "ಡಜನ್ ತಗೊಂಡ್ವಿ ಕಣೋ, ನೀನು ಹೇಳಿಕೊಟ್ಟಿದ್ದೇ ತಾನೇ! ಹೇಗಿದೆ?" ಕಂಟ್ರಾಕ್ಟರ್ ಉಗುಳು ನುಂಗಿ, "ಚೆನ್ನಾಗಿದೆ," ಎಂದ. ಒಂದು ಲೋಟ ನೀರು ಕುಡಿದ. "ಬಿಸಿಲು ಜಾಸ್ತಿ," ಎಂದ. ಇನ್ನೊಂದು ಲೋಟ ಕುಡಿದ. ಭಾವನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದ. ಮೂರನೆಯ ಲೋಟ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ.

ಅಕ್ಕ ಟೋಪಿ ತೆಗೆದಳು. "ಒಲೆ ಹಚ್ಚೋ ಹಾಗಿಲ್ವಾ?"

"ಇಲ್ಲ."

"ಮತ್ತೆ ಊಟ?"

"ಬ್ರೆಡ್ಡು, ಬಿಸ್ಕೆಟ್ಟು."

"ಅಯ್ಯೋ, ನಿನ್ನ ಕೈ ಊಟ ಇರುತ್ತೆ ಅಂತ ಹೊರಟಿದ್ದು ಕಣೋ! ಬಿಸ್ಕೆಟ್ ತಿಂದ್ಕೊಂಡು ಆಮೆ ಮುಖ ನೋಡೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದಳು. ಆಮೇಲೆ ಮುಖ ಊದಿಸಿಕೊಂಡು ಸೇರಿಸಿದಳು. "ಆದ್ರೂ ನೀನು ಕರೆದು ಬೇಡ ಅಂದಿದ್ದನ್ನ ನಾನು ಮರೆಯಲ್ಲ. ಈ ಟೋಪಿಗಳನ್ನ ಏನು ಮಾಡ್ಲಿ ಹೇಳು."

ಎಲ್ಲರ ಮುಂಗಡ ಹಿಂತಿರುಗಿಸಿದ. ಬಾಯಿಮಾತಿನ ಸಮಾಧಾನ ಸಾಲದೆಂದು, ದ್ವೀಪದಿಂದ ಬಂದ ಮೇಲೆ ಒಂದು ಭಾನುವಾರ ಮೂವತ್ತು ಜನಕ್ಕೂ ಮನೆಯಲ್ಲೇ ಭರ್ಜರಿ ಊಟ ಎಂದು ಒಪ್ಪಿಕೊಂಡು ಬಂದ. ಮುಕ್ಕಾಲು ಪಾಲು ಜನಕ್ಕೆ ಬೇಕಾಗಿದ್ದದ್ದೂ ಅದೇ. ಡೈರಿಯವನು ಮಾತ್ರ ಮುಖ ಕೊಟ್ಟು ಮಾತಾಡಲಿಲ್ಲ, ಅಂದಿನಿಂದ ಇವರ ಮನೆಗೆ ಬರುವ ಹಾಲೂ ನೀರಾಯಿತು. ಇದನ್ನೆಲ್ಲ ನೋಡಿಯೂ ಹೆಂಡತಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ರೈಲು ಹತ್ತಿದ ಮೇಲೂ ಪ್ರತಿ ಸ್ಟೇಷನ್ನಿನಲ್ಲಿ, ಗಂಡ ಯಾರಿಗಾದರೂ ಕೈ ಬೀಸಿ ಕರೆಯುತ್ತಾನೇನೋ ಎಂದು ಓರೆಗಣ್ಣಿನಿಂದ ನೋಡುತ್ತಲೇ ಇದ್ದಳು.

ಬಂದರಿನ ಬೆಳಗ್ಗೆ ಮೀನಿನ ವಾಸನೆ, ಡೀಸೆಲ್ ವಾಸನೆ. ದೋಣಿಯಲ್ಲಿ ಎದುರು ಬದುರಾಗಿ ಎರಡು ಉದ್ದ ಬೆಂಚು. ನಾಲ್ವರೂ ಹತ್ತಿ ಕುಳಿತರು. ದೋಣಿಯವನು ಹಗ್ಗ ಬಿಚ್ಚಲು ಬಗ್ಗಿದವನು ಹಾಗೇ ನಿಂತು ತಲೆ ಕೆರೆದುಕೊಂಡ.

"ಸಾರ್, ಒಂದು ಮಾತು. ಅಲ್ಲಿ ನಿಂತಿದಾರಲ್ಲ, ಎಂಟು ಜನ. ಅವರೂ ಇವತ್ತು ದ್ವೀಪಕ್ಕೇ. ಅವರ ದೋಣಿ ಎಂಜಿನ್ ಕೈ ಕೊಟ್ಟಿದೆ. ಮೆಕ್ಯಾನಿಕ್ಕು ಬರ್ತಿದಾನೆ, ಮಧ್ಯಾಹ್ನದೊಳಗೆ ಹೊರಡಿಸ್ತಾನೆ. ಈಗಲೇ ಇದರಲ್ಲಿ ಹತ್ತಿಸ್ಕೊಂಡ್ರೆ ಅವರ ಪಾಲು ಅವರು ಕೊಡ್ತಾರಂತೆ. ನಿಮಗೆ ತಲೆಗೆ ಬರೀ ನಾಲ್ಕು ಸಾವಿರ ಬೀಳುತ್ತೆ."

ಕಟ್ಟೆಯ ಮೇಲೆ ಎಂಟು ಜನ ಬ್ಯಾಗು ಹಿಡಿದು ನಿಂತಿದ್ದರು. ಒಳ್ಳೆಯ ಜನರ ಹಾಗೇ ಕಾಣುತ್ತಿದ್ದರು. ಒಬ್ಬರಂತೂ ಆಗಲೇ ಬ್ಯಾಗನ್ನು ಹೆಗಲಿಗೇರಿಸಿ ನಕ್ಕರು. ಮಗಳು ಅಪ್ಪನನ್ನು ನೋಡಿದಳು. ಅತ್ತೆ ಅಳಿಯನನ್ನು ನೋಡಿದರು. ಹೆಂಡತಿ ಮಾತ್ರ ಸಮುದ್ರದ ಕಡೆ ತಿರುಗಿ, ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಕಂಟ್ರಾಕ್ಟರನ ತುಟಿ ಅಲ್ಲಾಡಿತು. ಎಂಟು ಜನ, ಎಂಟು ಸೀಟು. ಹೆಚ್ಚಿಲ್ಲ, ಕಮ್ಮಿಯಿಲ್ಲ. ಜನ್ಮದಲ್ಲಿ ಇಷ್ಟು ಚೊಕ್ಕವಾದ ಲೆಕ್ಕ ಅವನಿಗೆ ಸಿಕ್ಕಿರಲಿಲ್ಲ. ಹಣೆಯ ಮೇಲೆ ಬೆವರಿಳಿಯಿತು. ಹೆಂಡತಿಯ ಬೆನ್ನನ್ನು ನೋಡಿದ.

"ಜಾಗ ಇಲ್ಲ," ಎಂದ.

ದೋಣಿಯವನು ಖಾಲಿ ಬೆಂಚನ್ನು ನೋಡಿದ, ಇವನ ಮುಖ ನೋಡಿದ. "ಏನ್ ಸಾರ್, ತಮಾಷೆನಾ? ಕಣ್ಣೆದುರಿಗೇ ಇಷ್ಟು..."

"ಜಾಗ ಇಲ್ಲ ಅಂದ್ನಲ್ಲ!" ಕಂಟ್ರಾಕ್ಟರ್ ಕಿರುಚಿದ. ಕಟ್ಟೆಯ ಮೇಲಿನ ಬೆಕ್ಕೊಂದು ಎದ್ದು ಓಡಿತು.

ಅತ್ತೆ "ಅಯ್ಯಮ್ಮಾ, ನನ್ನ ಸೊಂಟ!" ಎಂದು ಎದುರಿನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ನಾಲ್ಕು ಸೀಟು ಹೋಯಿತು. ಮಗಳು ಬ್ಯಾಗುಗಳನ್ನು ಒಂದೊಂದಾಗಿ ಬಿಡಿಸಿ ಹರಡಿದಳು, ನೀರಿನ ಬಾಟಲಿಗೂ ಒಂದು ಸೀಟು ಕೊಟ್ಟಳು. "ನೋಡಿ, ಫುಲ್ಲು," ಎಂದಳು. ಹೆಂಡತಿ ತಿರುಗಿ ನೋಡಿದಳು. ಮಲಗಿದ ತಾಯಿಯನ್ನು, ಬಾಟಲಿಯನ್ನು, ಬೆವರು ಒರೆಸಿಕೊಳ್ಳುತ್ತಿದ್ದ ಗಂಡನನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಟ್ಟೆಯ ಮೇಲಿನವರು ತಾವೂ ನಕ್ಕು, "ಇರ್ಲಿ ಬಿಡಿ, ಮಧ್ಯಾಹ್ನ ಬರ್ತೀವಿ," ಎಂದು ಚಹಾ ಹುಡುಕಿಕೊಂಡು ಹೋದರು. ದೋಣಿಯವನು ಇಂಥ ಗಿರಾಕಿಗಳನ್ನು ಕಂಡಿಲ್ಲ ಎಂದು ಗೊಣಗುತ್ತಾ ಹಗ್ಗ ಬಿಚ್ಚಿದ.

ದಡ ಇನ್ನೂ ಕಾಣುತ್ತಿರುವಾಗಲೇ ಅವಳು ಬುತ್ತಿ ಬಿಚ್ಚಿದಳು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹೆಚ್ಚಿದ ಸೌತೆಕಾಯಿ. ಡಬ್ಬಿಯ ಮುಚ್ಚಳದ ಸದ್ದು ಕೇಳಿದ್ದೇ ತಡ ಕಂಟ್ರಾಕ್ಟರ್ ಬಡಿಸಲು ಎದ್ದ. ಅಷ್ಟರಲ್ಲಿ ಒಂದು ಅಲೆ ಬಂದು ದೋಣಿ ವಾಲಿತು, ಅವನು ಧೊಪ್ಪೆಂದು ಹೆಂಡತಿಯ ಪಕ್ಕಕ್ಕೆ ಬಂದು ಕುಳಿತ. ಮತ್ತೆ ಏಳಲು ನೋಡಿದ. ಅವಳು ಅವನ ಕೈಗೆ ಒಂದು ಮೊಟ್ಟೆ, ಒಂದು ಬ್ರೆಡ್ಡು ಇಟ್ಟು, ತಾನೂ ಅಷ್ಟೇ ತೆಗೆದುಕೊಂಡಳು. ಇಬ್ಬರೂ ತಿನ್ನತೊಡಗಿದರು.

ಅವನು ನಿಧಾನವಾಗಿ ಅಗಿದ. ಇನ್ನೊಮ್ಮೆ ಕಚ್ಚಿದ. ಆಮೇಲೆ ಹುಬ್ಬು ಗಂಟಿಕ್ಕಿ, "ಉಪ್ಪು ಕಮ್ಮಿ ಆಯ್ತಲ್ಲೇ," ಎಂದ.

"ಕೊಟ್ಟಿದ್ದನ್ನ ಸುಮ್ನೆ ತಿನ್ನಿ," ಎಂದಳು. ಅವಳಿಗೆ ಹೇಳಲಾರದಷ್ಟು ಸಂತೋಷವಾಗಿತ್ತು.